ಪರದೆಯ ಮೇಲಿನ ಮೌನ

ಪಾಠ ಪ್ರವೇಶ

ನಿಜವಾದ ವ್ಯಕ್ತಿಗಳನ್ನೂ ನಡೆದ ಸಂಗತಿಗಳನ್ನೂ ಆಧರಿಸಿದ ಚಲನಚಿತ್ರವನ್ನು ಸಾಕ್ಷ್ಯಚಿತ್ರ ಎನ್ನುತ್ತೇವೆ. ಧ್ಯಾನ, ಬೌದ್ಧ ಸಾಧನೆ, ಆರೋಗ್ಯಕರ ಜೀವನ ಇವುಗಳನ್ನು ಕುರಿತ ಸಾಕ್ಷ್ಯಚಿತ್ರಗಳು ಇಂದು ಮನೆಮನೆಗೂ ತಲುಪುತ್ತಿವೆ. ಅವುಗಳಿಂದ ಕಲಿಯಬೇಕಾದುದೇನು, ಅವುಗಳನ್ನು ನೋಡುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ಉಪಾಧ್ಯಾಯರೊಬ್ಬರು ಈ ಪಾಠದಲ್ಲಿ ತಮ್ಮ ಅನುಭವದ ಮೂಲಕ ತಿಳಿಸಿದ್ದಾರೆ.

ಪಾಠ

ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ನೀವು ನೋಡಿದ್ದೀರಾ? ಪಶ್ಚಿಮ ಘಟ್ಟಗಳ ಮಡಿಲಲ್ಲಿ ಹಸಿರು ಚಾಪೆ ಹಾಸಿದಂತೆ ಅದು ಹರಡಿಕೊಂಡಿದೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಇತ್ತ ಹರಿದು ಬರುತ್ತದೆ. ಭತ್ತ, ಬಾಳೆ, ತೆಂಗು, ದ್ರಾಕ್ಷಿ ಇಲ್ಲಿ ಹುಲುಸಾಗಿ ಬೆಳೆಯುತ್ತವೆ. ಈ ಕಣಿವೆಯ ಊರುಗಳಲ್ಲಿ ಒಕ್ಕಲಿಗರ ಅನೇಕ ಮನೆಗಳಿವೆ. ಅವರ ಹಿರಿಯರು ಬಹಳ ಹಿಂದೆ ಕನ್ನಡ ನಾಡಿನಿಂದ ಬಂದವರು. ಹೊರಗೆ ತಮಿಳು, ಒಳಗೆ ಕನ್ನಡ. ಓದು ಬರಹ ತಮಿಳಿನಲ್ಲಿ. ಅಜ್ಜಿ ಮೊಮ್ಮಗನನ್ನು ಊಟಕ್ಕೆ ಕರೆಯುವುದು ಕನ್ನಡದಲ್ಲಿ.

ಅಂತಹ ಒಂದು ಮನೆಯವರು ನನ್ನ ಗೆಳೆಯರು. ನಾನು ತಾಳವಾಡಿ ಕಡೆಯ ಕನ್ನಡ ಶಾಲೆಯ ಉಪಾಧ್ಯಾಯ. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಅವರ ಊರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅವರ ದ್ರಾಕ್ಷಿ ಚಪ್ಪರದ ಕೆಳಗೆ ನಡೆಯುತ್ತಿದ್ದಾಗ ತಲೆ ಗಿರ್ರನೆ ತಿರುಗಿತು. ಕಣ್ಣು ಕತ್ತಲಿಟ್ಟಿತು. ಕಂಬವನ್ನು ಹಿಡಿಯಲು ಕೈ ಚಾಚಿದ್ದು ನೆನಪಿದೆ. ಮತ್ತೆ ಎಚ್ಚರವಾದಾಗ ಗೆಳೆಯರ ತಾಯಿ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

ತೇನಿಯ ವೈದ್ಯರೊಬ್ಬರು ರಕ್ತದ ಒತ್ತಡವನ್ನು ಅಳೆದರು. 190/110 ಇತ್ತು. "ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಐದು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಮೂರು ವಾರಗಳ ಹಿಂದೆ ನಾನೇ ನಿಲ್ಲಿಸಿದ್ದೆ.

ಏಕೆ ನಿಲ್ಲಿಸಿದೆ? ಪರಿಚಯದವರೊಬ್ಬರು ಕೊಟ್ಟ ಒಂದು ಸಾಕ್ಷ್ಯಚಿತ್ರವನ್ನು ನೋಡಿದ್ದೆ. ಹಿಮದ ಬೆಟ್ಟಗಳು, ಗಂಟೆಯ ನಾದ, ಕಣ್ಣು ಮುಚ್ಚಿ ಕುಳಿತ ವಿದೇಶೀಯರು. ಒಬ್ಬರಾದ ಮೇಲೊಬ್ಬರು ಬಂದು, ಉಸಿರನ್ನು ಗಮನಿಸುತ್ತಾ ಕುಳಿತೆ, ರೋಗ ಹೋಯಿತು, ಔಷಧಿ ಎಸೆದೆ ಎಂದು ನಗುಮುಖದಿಂದ ಹೇಳುತ್ತಿದ್ದರು. ನಾನೂ ದಿನಕ್ಕೆ ಅರ್ಧ ಗಂಟೆ ಕುಳಿತೆ. ಮನಸ್ಸು ಹಗುರವಾಯಿತು. ಮನಸ್ಸು ಹಗುರವಾದುದರಿಂದ ರೋಗವೂ ಹೋಯಿತೆಂದು ನಂಬಿದೆ.

ವೈದ್ಯರು ಬೈಯಲಿಲ್ಲ. "ಉಸಿರನ್ನು ಗಮನಿಸಿದ್ದು ತಪ್ಪಲ್ಲ ಸಾರ್, ಅದನ್ನು ಮುಂದುವರಿಸಿ. ಮಾತ್ರೆ ಬಿಟ್ಟದ್ದು ತಪ್ಪು. ರಕ್ತದೊತ್ತಡ ಸದ್ದಿಲ್ಲದ ರೋಗ. ಅದು ಏರಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಒಂದು ಮಾತು ಕೇಳುತ್ತೇನೆ: ಆ ಚಿತ್ರದಲ್ಲಿ ಮಾತ್ರೆ ಬಿಟ್ಟು ಬಿದ್ದವರು ಯಾರನ್ನಾದರೂ ತೋರಿಸಿದ್ದರೇ?" ಎಂದರು.

ನಾನು ಉತ್ತರ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಆ ಒಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಮಕ್ಕಳೇ, ಸಾಕ್ಷ್ಯಚಿತ್ರ ಸುಳ್ಳು ಹೇಳುತ್ತದೆ ಎಂದು ನನ್ನ ಮಾತಿನ ಅರ್ಥವಲ್ಲ. ಅದು ಆರಿಸಿ ಹೇಳುತ್ತದೆ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬವರು 'ನ್ಯಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರವನ್ನು ತೆರೆಗೆ ತಂದರು. ಕೆನಡಾದ ಹಿಮಪ್ರದೇಶದ ಇನ್ಯುಯಿಟ್ ಜನರ ಬದುಕನ್ನು ತೋರಿಸಿದ ಆ ಚಿತ್ರ ಜಗತ್ಪ್ರಸಿದ್ಧವಾಯಿತು. ಆದರೆ ಅದರ ನಾಯಕನ ನಿಜವಾದ ಹೆಸರು ನ್ಯಾನೂಕ್ ಅಲ್ಲ, ಅಲ್ಲಕರಿಯಲ್ಲಕ್. ಆ ಕಾಲಕ್ಕಾಗಲೇ ಬಂದೂಕು ಬಳಸುತ್ತಿದ್ದ ಜನರಿಂದ ಹಳೆಯ ಕಾಲದ ಈಟಿಯಲ್ಲಿ ಬೇಟೆಯಾಡಿಸಿ ಚಿತ್ರೀಕರಿಸಲಾಯಿತು. ಹಿಮದ ಮನೆಯೊಳಗೆ ಬೆಳಕು ಸಾಲದೆ, ಅರ್ಧ ತೆರೆದ ಮನೆಯೊಂದನ್ನು ಕಟ್ಟಿಸಲಾಯಿತು. ಚಳಿ ನಿಜ, ಜನ ನಿಜ, ಅವರ ಕಷ್ಟವೂ ನಿಜ. ಆದರೂ ನಾವು ನೋಡಿದ್ದು ಒಬ್ಬರು ಆರಿಸಿ ಜೋಡಿಸಿದ ನಿಜ. ಕ್ಯಾಮರಾ ಒಂದು ಕಡೆ ತಿರುಗಿದರೆ ಇನ್ನೊಂದು ಕಡೆ ಕಾಣುವುದಿಲ್ಲ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಹೋಗೋಣ.

ನಾನು ನೋಡಿದ ಚಿತ್ರದಲ್ಲಿ ಕುಳಿತಿದ್ದವರು ವಿದೇಶೀಯರು. ನಮ್ಮ ದೇಶದಲ್ಲಿ ಹುಟ್ಟಿದ ಧ್ಯಾನವು ಅವರಿಗೆ ಹೇಗೆ ಸಿಕ್ಕಿತು? ಅದರ ಪಯಣವನ್ನು ಒಂದು ಪದದಲ್ಲಿಯೇ ಕಾಣಬಹುದು. ಸಂಸ್ಕೃತದ 'ಧ್ಯಾನ' ಪಾಲಿಯಲ್ಲಿ 'ಝಾನ' ಆಯಿತು. ಚೀನಾಕ್ಕೆ ಹೋಗಿ 'ಚಾನ್' ಆಯಿತು. ಜಪಾನಿನಲ್ಲಿ 'ಜೆನ್' ಆಯಿತು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಚೀನಾದಲ್ಲಿ ಈ ಪರಂಪರೆಯನ್ನು ಆರಂಭಿಸಿದನೆಂದು ಐತಿಹ್ಯವಿದೆ. 1893ರಲ್ಲಿ ಚಿಕಾಗೋ ನಗರದಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತು. ಅಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದನ್ನು ನೀವು ಓದಿದ್ದೀರಿ. ಅದೇ ವೇದಿಕೆಯಲ್ಲಿ ಸಿಂಹಳದ ಅನಗಾರಿಕ ಧರ್ಮಪಾಲರೂ ಜಪಾನಿನ ಜೆನ್ ಗುರು ಸೋಯೆನ್ ಶಾಕು ಅವರೂ ಇದ್ದರು. ಮುಂದೆ ಶುನ್ರ್ಯೂ ಸುಜುಕಿ ಎಂಬ ಜಪಾನಿ ಗುರು ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲಸಿದರು. 1967ರಲ್ಲಿ ಅವರ ಶಿಷ್ಯರು ಕ್ಯಾಲಿಫೋರ್ನಿಯಾದ ಟಸಹಾರಾ ಎಂಬ ಬೆಟ್ಟದ ಕಣಿವೆಯಲ್ಲಿ ಜೆನ್ ತರಬೇತಿಯ ಮಠವನ್ನು ತೆರೆದರು.

ಆ ಮಠದ ಮೊದಲ ಕಾಲದ ಅಡುಗೆಯ ಮುಖ್ಯಸ್ಥರು ಎಡ್ವರ್ಡ್ ಎಸ್ಪೆ ಬ್ರೌನ್. ಅವರನ್ನು ಕುರಿತು ಜರ್ಮನಿಯ ನಿರ್ದೇಶಕಿ ಡೋರಿಸ್ ಡೋರಿ 2007ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರು 'ಹೌ ಟು ಕುಕ್ ಯುವರ್ ಲೈಫ್'. ಹದಿಮೂರನೆಯ ಶತಮಾನದ ಜಪಾನಿ ಗುರು ಡೋಗೆನ್ ಅಡುಗೆಯವನಿಗೆ ಬರೆದ ಉಪದೇಶ ಆ ಚಿತ್ರದ ಹಿನ್ನೆಲೆ. ಅಕ್ಕಿ ತೊಳೆಯುವಾಗ ಅಕ್ಕಿಯ ಮೇಲೆಯೇ ಗಮನ. ಹಿಟ್ಟು ನಾದುವಾಗ ಕೈಯಲ್ಲಿಯೇ ಮನಸ್ಸು. ಆ ಚಿತ್ರದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಬ್ರೌನ್ ಅವರಿಗೆ ಕೋಪ ಬರುತ್ತದೆ, ಕಣ್ಣೀರೂ ಬರುತ್ತದೆ. ಅವೆರಡನ್ನೂ ಚಿತ್ರ ಮರೆಮಾಡುವುದಿಲ್ಲ. ಸಾಧಕ ಎಂದರೆ ಸದಾ ನಗುತ್ತಿರುವವನು ಎಂಬ ಭ್ರಮೆಯನ್ನು ಅದು ಕಳೆಯುತ್ತದೆ.

ಧ್ಯಾನವನ್ನು ಕುರಿತ ಇನ್ನೊಂದು ಹೆಸರಾಂತ ಚಿತ್ರ ನಮ್ಮ ದೇಶದಲ್ಲಿಯೇ ತೆಗೆದದ್ದು. ದೆಹಲಿಯ ತಿಹಾರ್ ಸೆರೆಮನೆಯ ಹೊಣೆ 1993ರಲ್ಲಿ ಕಿರಣ್ ಬೇಡಿ ಅವರಿಗೆ ಬಂದಿತು. ಕೈದಿಗಳಿಗೆ ವಿಪಶ್ಯನ ಧ್ಯಾನವನ್ನು ಕಲಿಸುವ ಏರ್ಪಾಡನ್ನು ಅವರು ಮಾಡಿದರು. ಬರ್ಮಾದಲ್ಲಿ ಹುಟ್ಟಿ ಬೆಳೆದು, ಅಲ್ಲಿಯೇ ಈ ವಿದ್ಯೆಯನ್ನು ಕಲಿತು, 1969ರಲ್ಲಿ ಭಾರತಕ್ಕೆ ತಂದವರು ಎಸ್. ಎನ್. ಗೋಯೆಂಕಾ. 1994ರ ಏಪ್ರಿಲ್ ತಿಂಗಳಲ್ಲಿ ಅವರು ತಿಹಾರ್‌ನಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಹತ್ತು ದಿನಗಳ ಶಿಬಿರ ನಡೆಸಿದರು. ಇದನ್ನು ಕುರಿತು ಇಸ್ರೇಲಿನ ಇಬ್ಬರು ಮಹಿಳೆಯರು, ಅಯೆಲೆತ್ ಮೆನಹೆಮಿ ಮತ್ತು ಐಲೋನಾ ಏರಿಯಲ್, 1997ರಲ್ಲಿ 'ಡೂಯಿಂಗ್ ಟೈಮ್, ಡೂಯಿಂಗ್ ವಿಪಶ್ಯನ' ಎಂಬ 52 ನಿಮಿಷಗಳ ಚಿತ್ರ ಮಾಡಿದರು. ಶಿಬಿರ ಮುಗಿದ ಮೇಲೆ ಕೈದಿಯೂ ಕಾವಲುಗಾರನೂ ಅಪ್ಪಿಕೊಂಡು ಅಳುವುದನ್ನು ನೋಡಿದವರು ಮರೆಯಲಾರರು.

ಅದೇ ವಿದ್ಯೆ ಸಾಗರ ದಾಟಿತು. 2002ರಲ್ಲಿ ಅಮೆರಿಕಾದ ಅಲಬಾಮಾ ರಾಜ್ಯದ ಡೊನಾಲ್ಡ್‌ಸನ್ ಎಂಬ ಬಿಗಿಭದ್ರತೆಯ ಸೆರೆಮನೆಯಲ್ಲಿ ವಿಪಶ್ಯನ ಶಿಬಿರ ನಡೆಯಿತು. ಅಲ್ಲಿನ ಕೈದಿಗಳನ್ನು ಕುರಿತ ಚಿತ್ರ 'ದಿ ಧಮ್ಮ ಬ್ರದರ್ಸ್' 2007ರಲ್ಲಿ ಬಂದಿತು. ಶಿಬಿರಗಳಿಗೆ ವಿರೋಧ ಬಂದು ಅವು ಕೆಲಕಾಲ ನಿಂತುಹೋದುದನ್ನೂ ಅದು ಹೇಳುತ್ತದೆ. ಕೊಲೆ ಮಾಡಿದವನು ತನ್ನ ಅಪರಾಧವನ್ನು ನೆನೆದು ಕುಳಿತಾಗ ಅವನಿಗೆ ಸಿಗುವುದು ಮೊದಲು ಶಾಂತಿಯಲ್ಲ, ನೋವು. ಅದನ್ನೂ ಚಿತ್ರ ತೋರಿಸುತ್ತದೆ.

ಇನ್ನು ಆರೋಗ್ಯದ ಮಾತು. 1979ರಲ್ಲಿ ಅಮೆರಿಕಾದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಎಂಬ ವಿಜ್ಞಾನಿ ಒಂದು ಚಿಕಿತ್ಸಾ ತರಗತಿಯನ್ನು ಆರಂಭಿಸಿದರು. ಅವರು ಜೆನ್ ಅಭ್ಯಾಸ ಮಾಡಿದವರು. ವರ್ಷಗಟ್ಟಲೆ ನೋವಿನಿಂದ ನರಳುವ ರೋಗಿಗಳಿಗೆ ಎಂಟು ವಾರಗಳ ಕಾಲ ಉಸಿರನ್ನೂ ದೇಹವನ್ನೂ ಗಮನಿಸುವ ಅಭ್ಯಾಸ ಮಾಡಿಸಿದರು. 1993ರಲ್ಲಿ ಬಿಲ್ ಮೋಯರ್ಸ್ ಎಂಬ ಪತ್ರಕರ್ತರು 'ಹೀಲಿಂಗ್ ಅಂಡ್ ದಿ ಮೈಂಡ್' ಎಂಬ ದೂರದರ್ಶನ ಸರಣಿಯಲ್ಲಿ ಈ ತರಗತಿಯನ್ನು ತೋರಿಸಿದಾಗ ಲಕ್ಷಾಂತರ ಜನರಿಗೆ ಅದರ ವಿಷಯ ತಿಳಿಯಿತು. ಆ ರೋಗಿಗಳು ವೈದ್ಯರ ಕಣ್ಣಳತೆಯಲ್ಲಿಯೇ ಇದ್ದರು. ಧ್ಯಾನವು ಔಷಧಿಯ ಜೊತೆಗೆ ಬಂದಿತ್ತು, ಔಷಧಿಯ ಜಾಗಕ್ಕೆ ಅಲ್ಲ.

ಈ ಸೂಕ್ಷ್ಮವನ್ನು ಸಂಶೋಧನೆಯೂ ಹೇಳಿದೆ. ಅಮೆರಿಕಾದ ವೈದ್ಯಕೀಯ ಪತ್ರಿಕೆಯೊಂದು 2014ರಲ್ಲಿ 47 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಲೇಖನವನ್ನು ಪ್ರಕಟಿಸಿತು. ಆ ಪ್ರಯೋಗಗಳಲ್ಲಿ 3515 ಜನ ಪಾಲುಗೊಂಡಿದ್ದರು. ಆತಂಕ, ಖಿನ್ನತೆ, ನೋವು ಇವು ಧ್ಯಾನದಿಂದ ಸ್ವಲ್ಪಮಟ್ಟಿಗೆ ತಗ್ಗುತ್ತವೆ ಎಂಬುದು ಕಂಡುಬಂದಿತು. ಆದರೆ ಔಷಧಿ, ವ್ಯಾಯಾಮ ಮುಂತಾದ ಬೇರೆ ಚಿಕಿತ್ಸೆಗಳಿಗಿಂತ ಅದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಇದು ಸಣ್ಣ ಲಾಭವಲ್ಲ, ಪವಾಡವೂ ಅಲ್ಲ.

ನಾನು ತೇನಿಯ ವೈದ್ಯರನ್ನು ಕಂಡು ಬಂದ ಎರಡು ವಾರಗಳ ಮೇಲೆ, ರಕ್ತದೊತ್ತಡ ಹತೋಟಿಗೆ ಬಂದ ಬಳಿಕ, ಗೆಳೆಯರು ನನ್ನನ್ನು ಕೊಡೈಕಾನಲ್‌ಗೆ ಕರೆದುಕೊಂಡು ಹೋದರು. ತೇನಿಯಿಂದ ಪೆರಿಯಕುಳಂ, ದೇವದಾನಪಟ್ಟಿ ದಾಟಿದ ಮೇಲೆ ರಸ್ತೆ ಬೆಟ್ಟ ಹತ್ತುತ್ತದೆ. ಅಲ್ಲಿಂದ ಮುಂದೆ ದಿಂಡಿಗಲ್ ಜಿಲ್ಲೆ. ಕೊಡೈಕಾನಲ್ ತಲುಪುವುದಕ್ಕೆ ಮೊದಲು ಪೆರುಮಾಳ್‌ಮಲೆ ಎಂಬ ಊರು ಸಿಗುತ್ತದೆ. ಅಲ್ಲಿ ಬೋಧಿ ಜೆಂಡೋ ಎಂಬ ಧ್ಯಾನ ಕೇಂದ್ರವಿದೆ.

ಆ ಕೇಂದ್ರದ ಕಥೆ ಕುತೂಹಲಕರವಾದುದು. ಅದನ್ನು 1996ರಲ್ಲಿ ಸ್ಥಾಪಿಸಿದವರು ಅಮಾ ಸಾಮಿ. ಅವರು 1936ರಲ್ಲಿ ಬರ್ಮಾದಲ್ಲಿ ತಮಿಳು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ಯೇಸು ಸಭೆಯ ಪಾದ್ರಿಗಳು. ಜಪಾನಿನ ಕಾಮಾಕುರಾ ನಗರಕ್ಕೆ ಹೋಗಿ ಯಮಾದಾ ಕೋಉನ್ ಎಂಬ ಗುರುಗಳಲ್ಲಿ ಜೆನ್ ಕಲಿತು, 1982ರಲ್ಲಿ ಕಲಿಸುವ ಅಧಿಕಾರ ಪಡೆದರು. ಅದೇ ಗುರುಗಳ ಬಳಿ ಜರ್ಮನಿಯ ಪಾದ್ರಿ ಎನೋಮಿಯಾ-ಲಸಾಲ್ ಕೂಡ ಕಲಿತಿದ್ದರು. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಆ ನಗರದಲ್ಲಿದ್ದು, ಗಾಯಗೊಂಡು ಬದುಕಿದವರು ಅವರು. ಮುಂದೆ ಯೂರೋಪಿನ ಎಷ್ಟೋ ಜನರಿಗೆ ಜೆನ್ ಧ್ಯಾನವನ್ನು ಕಲಿಸಿದರು.

ಭಾರತದಲ್ಲಿ ಹುಟ್ಟಿದ ಧ್ಯಾನ ಚೀನಾ, ಜಪಾನ್ ಸುತ್ತಿ ಪಶ್ಚಿಮಕ್ಕೆ ಹೋಯಿತು. ಜಪಾನಿನಲ್ಲಿ ಕಲಿತ ಒಬ್ಬ ತಮಿಳು ಪಾದ್ರಿಯ ಮೂಲಕ ದಿಂಡಿಗಲ್ ಜಿಲ್ಲೆಯ ಬೆಟ್ಟಕ್ಕೆ ಮರಳಿತು. ಈಗ ಪಶ್ಚಿಮದ ಜನರೂ ಅದನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಗೋಡೆಗೆ ಮುಖ ಮಾಡಿ ಅಥವಾ ನೆಲದತ್ತ ದೃಷ್ಟಿಯಿಟ್ಟು ಬೆನ್ನು ನೇರ ಮಾಡಿ ಕೂರುವುದು ಜೆನ್ ಪದ್ಧತಿ. ಇಪ್ಪತ್ತೈದು ನಿಮಿಷವೋ ಸ್ವಲ್ಪ ಹೆಚ್ಚೋ ಕುಳಿತ ಮೇಲೆ ಎದ್ದು ನಿಧಾನವಾಗಿ ನಡೆಯುತ್ತಾರೆ, ಮತ್ತೆ ಕೂರುತ್ತಾರೆ. ನೆಲ ಗುಡಿಸುವುದು, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಇವೂ ಸಾಧನೆಯ ಭಾಗ. ನಾನೂ ಸ್ವಲ್ಪ ಹೊತ್ತು ಕುಳಿತೆ. ಮಂಡಿ ನೋಯಿತು. ಮನಸ್ಸು ಶಾಲೆಗೂ ಮನೆಗೂ ಓಡಿತು. ಸೊಳ್ಳೆಯೊಂದು ಕಿವಿಯ ಬಳಿ ಗುಂಯ್‌ಗುಟ್ಟಿತು. ಹಿಮದ ಬೆಟ್ಟವೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ನಾನು ಮನೆಯಲ್ಲಿ ನೋಡಿದ್ದ ಚಿತ್ರದಲ್ಲಿ ಮಂಡಿನೋವು ಇರಲಿಲ್ಲ!

ಆಗ ನನಗೊಂದು ವಿಷಯ ಹೊಳೆಯಿತು. ಹತ್ತು ದಿನಗಳ ಮೌನವನ್ನು ಐವತ್ತು ನಿಮಿಷಗಳಲ್ಲಿ ತೋರಿಸಲು ಬಾರದು. ಕ್ಯಾಮರಾ ಕುಳಿತವನ ಮುಖವನ್ನು ತೋರಿಸಬಲ್ಲದು. ಅವನ ಒಳಗೆ ನಡೆಯುವುದನ್ನು ತೋರಿಸಲಾರದು. ಮಾವಿನ ಹಣ್ಣಿನ ಚಿತ್ರವನ್ನು ನೋಡಿ ಹಸಿವು ಹೆಚ್ಚಬಹುದು, ಹೊಟ್ಟೆ ತುಂಬದು. ಒಳ್ಳೆಯ ಸಾಕ್ಷ್ಯಚಿತ್ರ ನಮ್ಮನ್ನು ಬಾಗಿಲ ತನಕ ಕರೆದುಕೊಂಡು ಹೋಗುತ್ತದೆ. ಒಳಗೆ ಹೋಗಬೇಕಾದವರು ನಾವು, ನಮ್ಮ ಕಾಲಿನಿಂದ, ನಮ್ಮ ಬುದ್ಧಿಯನ್ನು ಜೊತೆಗಿಟ್ಟುಕೊಂಡು.

ಬುದ್ಧನೇ ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದ್ದಾನೆ. ಒಮ್ಮೆ ಒಬ್ಬ ಭಿಕ್ಷು ಹೊಟ್ಟೆಯ ರೋಗದಿಂದ ತನ್ನ ಮಲಮೂತ್ರದಲ್ಲಿಯೇ ಬಿದ್ದಿದ್ದನು. ಉಳಿದ ಭಿಕ್ಷುಗಳು ಅವನತ್ತ ತಿರುಗಿ ನೋಡಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ, ಇಬ್ಬರೂ ಸೇರಿ ಅವನ ಮೈ ತೊಳೆದು ಹಾಸಿಗೆಯ ಮೇಲೆ ಮಲಗಿಸಿದರು. ತನ್ನನ್ನು ಸೇವಿಸಬೇಕೆನ್ನುವವನು ರೋಗಿಯನ್ನು ಸೇವಿಸಲಿ ಎಂದು ಬುದ್ಧನು ಭಿಕ್ಷುಗಳಿಗೆ ತಿಳಿಹೇಳಿದನು. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವನ್ನು ರೋಗಿಗಳು ಔಷಧಿಯಾಗಿ ತೆಗೆದುಕೊಳ್ಳಬಹುದೆಂದು ಅಪ್ಪಣೆ ಕೊಟ್ಟನು. ಜೀವಕನೆಂಬ ವೈದ್ಯನು ಬುದ್ಧನಿಗೂ ಸಂಘಕ್ಕೂ ಚಿಕಿತ್ಸೆ ಮಾಡುತ್ತಿದ್ದನು. ಧ್ಯಾನವನ್ನು ಕಲಿಸಿದ ಗುರುವೇ ವೈದ್ಯನನ್ನು ದೂರವಿಡಲಿಲ್ಲ. ಶಿಷ್ಯನಾಗಲು ಹೊರಟ ನಾನು ದೂರವಿಟ್ಟಿದ್ದೆ.

ಇಂದು ನಾನು ನನ್ನ ತರಗತಿಯ ಮಕ್ಕಳೊಂದಿಗೆ ಇಂತಹ ಚಿತ್ರಗಳನ್ನು ನೋಡುತ್ತೇನೆ. ನೋಡಿ ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಒಂದು: ಇದನ್ನು ಮಾಡಿದವರು ಯಾರು, ಯಾತಕ್ಕಾಗಿ ಮಾಡಿದರು? ಎರಡು: ಇದರಲ್ಲಿ ಯಾರನ್ನು ತೋರಿಸಿಲ್ಲ? ಮೂರು: ಇದರಲ್ಲಿ ಹೇಳಿದಂತೆ ನಡೆಯುವ ಮುನ್ನ ನಾನು ಯಾರನ್ನು ಕೇಳಬೇಕು? ತಿಹಾರ್ ಚಿತ್ರ ನೋಡಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಅವರಿಂದ ತೊಂದರೆಗೆ ಒಳಗಾದವರ ಮನೆಯವರನ್ನು ತೋರಿಸಿಲ್ಲವಲ್ಲ?" ಎಂದಳು. ತರಗತಿ ಸ್ತಬ್ಧವಾಯಿತು. ಆ ಮೌನವೂ ಒಂದು ಬಗೆಯ ಧ್ಯಾನವೇ ಎಂದು ನನಗೆ ಅನಿಸಿತು.

ಈಗಲೂ ವರ್ಷಕ್ಕೊಮ್ಮೆ ಕಂಬಂ ಕಣಿವೆಗೆ ಹೋಗುತ್ತೇನೆ. ಬೆಳಿಗ್ಗೆ ಐದು ಗಂಟೆಗೆ ಎದ್ದು ಗೆಳೆಯರ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಕಾಲುವೆಯ ನೀರಿನ ಸದ್ದು ಕೇಳುತ್ತದೆ. ಆಮೇಲೆ ದ್ರಾಕ್ಷಿ ತೋಟದ ದಾರಿಯಲ್ಲಿ ನಡಿಗೆ. ಗೆಳೆಯರ ತಾಯಿ ನನ್ನ ಸಾರಿಗೆ ಉಪ್ಪು ಕಡಿಮೆ ಹಾಕುತ್ತಾರೆ. ತಿಂಡಿಯಾದ ಕೂಡಲೇ ಒಂದು ಲೋಟ ನೀರನ್ನು ತಂದು ಎದುರಿಗಿಟ್ಟು, ತಮಿಳು ಬೆರೆತ ಕನ್ನಡದಲ್ಲಿ, "ಮಾತ್ರೆ ನುಂಗಿದ್ಯಾ?" ಎಂದು ಕೇಳುತ್ತಾರೆ. ನಾನು ನುಂಗುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ.

ಪದಗಳ ಅರ್ಥ

ಐತಿಹ್ಯ - ಪರಂಪರೆಯಿಂದ ಬಂದ ಕಥೆ
ಕಣ್ಣಳತೆ - ಕಣ್ಣಿಗೆ ಕಾಣುವಷ್ಟು ದೂರ, ನಿಗಾ
ಖಿನ್ನತೆ - ಮನಸ್ಸು ಕುಗ್ಗಿದ ಸ್ಥಿತಿ
ಪವಾಡ - ಅದ್ಭುತ ಘಟನೆ
ವಿಪಶ್ಯನ - ಇದ್ದುದನ್ನು ಇದ್ದಂತೆ ನೋಡುವ ಧ್ಯಾನ ಪದ್ಧತಿ
ಸ್ತಬ್ಧ - ಚಲನೆಯಿಲ್ಲದ, ನಿಶ್ಶಬ್ದವಾದ
ಹುಲುಸು - ಸಮೃದ್ಧಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಂಬಂ ಕಣಿವೆಗೆ ಯಾವ ಅಣೆಕಟ್ಟಿನಿಂದ ನೀರು ಬರುತ್ತದೆ?
2. 'ಜೆನ್' ಎಂಬ ಪದದ ಮೂಲ ಯಾವುದು?
3. ಬೋಧಿ ಜೆಂಡೋ ಎಲ್ಲಿದೆ?
4. ಬುದ್ಧನಿಗೂ ಸಂಘಕ್ಕೂ ಚಿಕಿತ್ಸೆ ಮಾಡುತ್ತಿದ್ದ ವೈದ್ಯನು ಯಾರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲೇಖಕರು ಮಾತ್ರೆಯನ್ನು ನಿಲ್ಲಿಸಲು ಕಾರಣವೇನು? ಅದರ ಪರಿಣಾಮವೇನಾಯಿತು?
2. 'ನ್ಯಾನೂಕ್ ಆಫ್ ದಿ ನಾರ್ತ್' ಚಿತ್ರದಿಂದ ಸಾಕ್ಷ್ಯಚಿತ್ರದ ಬಗ್ಗೆ ತಿಳಿಯುವ ಸಂಗತಿ ಯಾವುದು?
3. ರೋಗಿಯಾದ ಭಿಕ್ಷುವಿನ ವಿಷಯದಲ್ಲಿ ಬುದ್ಧನು ಹೇಗೆ ನಡೆದುಕೊಂಡನು?

ಇ) ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಭಾರತದ ಧ್ಯಾನವು ಪಶ್ಚಿಮಕ್ಕೆ ಹೋಗಿ ದಿಂಡಿಗಲ್ ಜಿಲ್ಲೆಯ ಬೆಟ್ಟಕ್ಕೆ ಮರಳಿದ ಬಗೆಯನ್ನು ವಿವರಿಸಿರಿ.
2. "ಧ್ಯಾನವು ಔಷಧಿಯ ಜೊತೆಗೆ ಬಂದಿತ್ತು, ಔಷಧಿಯ ಜಾಗಕ್ಕೆ ಅಲ್ಲ." ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ) ಭಾಷಾಭ್ಯಾಸ
1. ಬಿಡಿಸಿ ಬರೆಯಿರಿ: ರಕ್ತದೊತ್ತಡ, ಮೇಲೊಬ್ಬರು, ವರ್ಷಕ್ಕೊಮ್ಮೆ, ನನಗೊಂದು.
2. ಸ್ವಂತ ವಾಕ್ಯದಲ್ಲಿ ಬಳಸಿರಿ: ತಲೆ ತಗ್ಗಿಸು, ಕಣ್ಣು ಕತ್ತಲಿಡು, ದಾರಿ ತೋರಿಸು.

ಉ) ಚಟುವಟಿಕೆ
ನೀವು ನೋಡಿದ ಒಂದು ಸಾಕ್ಷ್ಯಚಿತ್ರವನ್ನು ಆರಿಸಿಕೊಳ್ಳಿರಿ. ಪಾಠದಲ್ಲಿ ಬಂದಿರುವ ಮೂರು ಪ್ರಶ್ನೆಗಳನ್ನು ಅದಕ್ಕೆ ಅನ್ವಯಿಸಿ, ದೊರೆತ ಉತ್ತರಗಳನ್ನು ತರಗತಿಯಲ್ಲಿ ಓದಿ ಹೇಳಿರಿ.